ಉತ್ತರವನ್ನು ಯಾರಿಗಾಗಿ ಬರೆಯುತ್ತೇವೆ

ಕ್ರೈಸ್ತರ ವಾಟ್ಸಾಪ್ ಗುಂಪುಗಳಲ್ಲಿ ಇರುವವರಿಗೆಲ್ಲ ಒಂದು ಬಗೆಯ ಸಂದೇಶದ ಪರಿಚಯ ಇದ್ದೇ ಇರುತ್ತದೆ. "ಪ್ರಿಯ ಸಹೋದರರೇ, ಕ್ರಿಸ್ತನ ಪ್ರೀತಿಯಲ್ಲಿ ಹೇಳುತ್ತಿದ್ದೇನೆ" ಎಂದು ಅದು ಆರಂಭವಾಗುತ್ತದೆ. "ನಿಮಗಾಗಿ ಪ್ರಾರ್ಥಿಸುತ್ತೇನೆ" ಎಂದು ಮುಗಿಯುತ್ತದೆ. ಇವೆರಡರ ನಡುವಿನ ಸಾಲುಗಳಲ್ಲಿ ಆ ಸಹೋದರರಿಗೆ ಸತ್ಯವೇದ ಗೊತ್ತಿಲ್ಲವೆಂದೂ, ಅವರು ಹೋಗುವ ಸಭೆಯಲ್ಲಿ ದುರ್ಬೋಧನೆ ನಡೆಯುತ್ತಿದೆಯೆಂದೂ, ಅವರು ಮೆಚ್ಚುವ ಬೋಧಕರಿಗೆ ಹಣವೇ ದೇವರೆಂದೂ ಬರೆದಿರುತ್ತದೆ. ಕೆಲವೊಮ್ಮೆ ಅವರು ನಿಜವಾಗಿಯೂ ರಕ್ಷಣೆ ಹೊಂದಿದ್ದಾರೆಯೇ ಎಂಬ ಪ್ರಶ್ನೆಯೂ ಇರುತ್ತದೆ. ಒಂದೇ ಒಂದು ಕೆಟ್ಟ ಶಬ್ದ ಅದರಲ್ಲಿ ಸಿಗುವುದಿಲ್ಲ. ಬಹುವಚನದ ಮರ್ಯಾದೆ ಕೊನೆಯವರೆಗೂ ತಪ್ಪುವುದಿಲ್ಲ. ಆದರೂ ಅದನ್ನು ಓದಿದವರು ಒಳಗೊಳಗೇ ಕುಸಿಯುತ್ತಾರೆ, ಒಂದೆರಡು ದಿನಗಳಲ್ಲಿ ಗುಂಪನ್ನು ಬಿಡುತ್ತಾರೆ, ಮುಂದಿನ ಭಾನುವಾರ ಆರಾಧನೆಗೆ ಬಂದರೂ ಬರೆದವರ ಮುಖವನ್ನು ನೋಡುವುದಿಲ್ಲ.

ಆದುದರಿಂದ ಕ್ರೈಸ್ತರ ಮಾತು ಕೃಪೆಯುಳ್ಳದ್ದಾಗಿರಬೇಕೆಂದು ಹೇಳುವಾಗ ಬರಿಯ ಮೆದು ಶಬ್ದಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಲದೆಂದು ನನಗೆ ಬಹಳ ಕಾಲದಿಂದ ಅನ್ನಿಸುತ್ತಿದೆ. ಶಬ್ದಗಳನ್ನು ಕಳುಹಿಸುವ ಮುಂಚೆ ಯಾರು ಬೇಕಾದರೂ ತಿದ್ದಬಹುದು; ಉದ್ದೇಶವನ್ನು ತಿದ್ದುವುದು ಅಷ್ಟು ಸುಲಭವಲ್ಲ. ಆ ಉದ್ದೇಶವನ್ನು ಪರೀಕ್ಷಿಸಲು ನನಗೆ ತಿಳಿದಿರುವ ಅತ್ಯಂತ ನೇರವಾದ ಪ್ರಶ್ನೆ ಒಂದೇ: ಈ ಉತ್ತರವನ್ನು ನಾನು ಯಾರಿಗಾಗಿ ಬರೆಯುತ್ತಿದ್ದೇನೆ? ಹೆಸರು ಹಿಡಿದು ಕರೆದವರಿಗಾಗಿಯೇ, ಅಥವಾ ಅದನ್ನು ನೋಡುತ್ತ ಕುಳಿತಿರುವ ಉಳಿದವರಿಗಾಗಿಯೇ? ಶಿಶುಗಳಿಗೆ ದೀಕ್ಷಾಸ್ನಾನ ಕೊಡಬಹುದೇ, ದಶಮಾಂಶ ಇಂದಿಗೂ ಕಡ್ಡಾಯವೇ, ಅನ್ಯಭಾಷೆಯಲ್ಲಿ ಮಾತಾಡದವರು ಪವಿತ್ರಾತ್ಮನನ್ನು ಹೊಂದಿಲ್ಲವೇ, ಮರಿಯಮ್ಮನವರಿಗೆ ಎಷ್ಟು ಗೌರವ ಸಲ್ಲಬೇಕು ಎಂಬಂಥ ಚರ್ಚೆಗಳು ಸಭೆಯ ಅಂಗಳದಲ್ಲಿಯೂ ನಡೆಯುತ್ತವೆ. ಅಲ್ಲಿ ಎದುರಿಗಿರುವವರ ಕಣ್ಣು ತುಂಬಿದರೆ ಮಾತು ತಾನಾಗಿಯೇ ನಿಲ್ಲುತ್ತದೆ. ಗುಂಪಿನಲ್ಲಿ ಆ ಕಣ್ಣು ಕಾಣುವುದಿಲ್ಲ; ಕಾಣುವುದು ನಮ್ಮ ಪಕ್ಷದವರು ಒತ್ತಿದ ಹೆಬ್ಬೆರಳಿನ ಗುರುತುಗಳು ಮಾತ್ರ. ಒಬ್ಬರ ಹೆಸರಿನಲ್ಲಿ ಹೊರಡುವ ಮಾತು ಮತ್ತೊಬ್ಬರ ಮೆಚ್ಚುಗೆಗಾಗಿ ಹದಗೊಳ್ಳುತ್ತ ಹೋಗುವುದು ಹೀಗೆ.

ಪೌಲನು ಕೊಲೊಸ್ಸೆಯವರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ, ಹೊರಗಿನವರೊಂದಿಗೆ ಜಾಣತನದಿಂದ ನಡೆದುಕೊಳ್ಳಬೇಕೆಂದೂ, ಮಾತು ಯಾವಾಗಲೂ ಕೃಪೆಯಿಂದ ಕೂಡಿದ್ದು ಉಪ್ಪಿನಿಂದ ರುಚಿಗೊಂಡಿರಬೇಕೆಂದೂ, ಒಬ್ಬೊಬ್ಬರಿಗೆ ಹೇಗೆ ಉತ್ತರ ಕೊಡಬೇಕೆಂಬುದನ್ನು ತಿಳಿದಿರಬೇಕೆಂದೂ ಹೇಳುತ್ತಾನೆ. ಈ ಮಾತನ್ನು ನಾವು ಗೋಡೆಯ ಕ್ಯಾಲೆಂಡರಿನಲ್ಲಿ ಬಿಡಿ ವಾಕ್ಯವಾಗಿ ಓದಿ ರೂಢಿಯಾಗಿರುವುದರಿಂದ ಅದರ ಹಿಂದೆ ಮುಂದೆ ಏನಿದೆ ಎಂಬುದು ಗಮನಕ್ಕೆ ಬರುವುದಿಲ್ಲ. ಹಿಂದಿನ ವಚನಗಳಲ್ಲಿ ಪೌಲನು ತಾನು ಬೇಡಿಗಳಲ್ಲಿರುವುದನ್ನು ನೆನಪಿಸಿ, ಸುವಾರ್ತೆಗೆ ಬಾಗಿಲು ತೆರೆಯುವಂತೆ ಪ್ರಾರ್ಥಿಸಲು ಕೇಳಿಕೊಳ್ಳುತ್ತಾನೆ. ಸಿಟ್ಟಿಗೇಳಲು ಎಲ್ಲ ಕಾರಣಗಳಿದ್ದ ಮನುಷ್ಯನ ಬಾಯಿಂದ ಬಂದ ಸಲಹೆ ಅದು. ಮುಂದಿನ ವಚನದಲ್ಲಿ ತುಖಿಕನೆಂಬ ಪ್ರಿಯ ಸಹೋದರನನ್ನು ನಿಮ್ಮ ಬಳಿಗೆ ಕಳುಹಿಸಿದ್ದೇನೆ, ಅವನು ನನ್ನ ವಿಷಯವನ್ನೆಲ್ಲ ನಿಮಗೆ ತಿಳಿಸಿ ನಿಮ್ಮ ಹೃದಯಗಳನ್ನು ಸಂತೈಸುವನು ಎನ್ನುತ್ತಾನೆ. ಪತ್ರ ಒಂಟಿಯಾಗಿ ಹೋಗಲಿಲ್ಲ. ಅದನ್ನು ಹೊತ್ತು ತಂದವನು ಓದುವವರ ಎದುರಿಗೆ ನಿಂತಿದ್ದ. ಕಠಿಣವೆನಿಸಿದ ಸಾಲನ್ನು ಕುರಿತು ಅವನನ್ನು ಕೇಳಬಹುದಾಗಿತ್ತು, ಪೌಲನು ಅದನ್ನು ಹೇಳುವಾಗ ಹೇಗಿದ್ದನೆಂದು ಅವನು ವಿವರಿಸಬಹುದಾಗಿತ್ತು. ನಮ್ಮ ಸಂದೇಶಗಳು ತುಖಿಕನಿಲ್ಲದೆ ಹೋಗುತ್ತವೆ. ಧ್ವನಿಯಿಲ್ಲ, ಮುಖವಿಲ್ಲ, ವಿವರಿಸುವವರಿಲ್ಲ. ಓದುವವರು ತಮ್ಮ ಆ ಹೊತ್ತಿನ ಮನಸ್ಸಿನಲ್ಲಿ ಯಾವ ಧ್ವನಿಯಿದೆಯೋ ಅದೇ ಧ್ವನಿಯಲ್ಲಿ ಅದನ್ನು ಓದಿಕೊಳ್ಳುತ್ತಾರೆ.

ಹೊಸ ಒಡಂಬಡಿಕೆಯ ಬರಹಗಾರರಿಗೆ ಬರವಣಿಗೆಯ ಈ ಮಿತಿ ಚೆನ್ನಾಗಿ ತಿಳಿದಿತ್ತು. ಯೋಹಾನನ ಎರಡನೆಯ ಪತ್ರವೂ ಮೂರನೆಯ ಪತ್ರವೂ ಹೆಚ್ಚುಕಡಿಮೆ ಒಂದೇ ಮಾತಿನಿಂದ ಮುಗಿಯುತ್ತವೆ: ಬರೆಯಬೇಕಾದದ್ದು ಬಹಳವಿದೆ, ಆದರೆ ಮಸಿಯಿಂದ ಬರೆಯಲು ಮನಸ್ಸಿಲ್ಲ, ಬಂದು ಮುಖಾಮುಖಿಯಾಗಿ ಮಾತಾಡುತ್ತೇನೆ. ಆ ಎರಡು ಪತ್ರಗಳಲ್ಲಿಯೂ ವಿವಾದದ ಸಂಗತಿಗಳೇ ಇವೆ. ಒಂದರಲ್ಲಿ ತಪ್ಪು ಬೋಧಿಸುವವರ ಬಗ್ಗೆ ಎಚ್ಚರಿಕೆಯಿದೆ, ಇನ್ನೊಂದರಲ್ಲಿ ದಿಯೊತ್ರೇಫನೆಂಬವನು ಪತ್ರ ಬರೆದ ಹಿರಿಯನ ಮೇಲೆ ಹರಟೆಕೊಚ್ಚುತ್ತಿರುವ ದೂರಿದೆ. ಇಂಥ ಸಂಗತಿಗಳಲ್ಲಿ ಎಷ್ಟನ್ನು ಬರೆಯಬೇಕು, ಎಷ್ಟನ್ನು ಭೇಟಿಗೆ ಉಳಿಸಬೇಕು ಎಂದು ಆ ಹಿರಿಯನು ಯೋಚಿಸಿದ್ದಾನೆ. ಪೌಲನ ಮೇಲೆ ಕೊರಿಂಥದವರು ಹೊರಿಸಿದ ಆರೋಪವಂತೂ ಇಂದಿನದೇ ಆರೋಪದಂತಿದೆ: ಅವನ ಪತ್ರಗಳು ಭಾರವಾದವು, ಬಲವಾದವು, ಎದುರಿಗೆ ಬಂದರೆ ಅವನು ಬಲಹೀನ. ಪೌಲನು ಅದಕ್ಕೆ ಉತ್ತರಿಸುತ್ತ, ಪತ್ರದಲ್ಲಿ ಇರುವಂತೆಯೇ ಎದುರಿನಲ್ಲಿಯೂ ಇರುತ್ತೇನೆ ಎನ್ನುತ್ತಾನೆ. ಅದಕ್ಕಿಂತ ಮೊದಲೇ, ಅದೇ ಪತ್ರದ ಎರಡನೆಯ ಅಧ್ಯಾಯದಲ್ಲಿ, ತಾನು ಹಿಂದೆ ಬರೆದ ಕಠಿಣ ಪತ್ರವನ್ನು ಬಹಳ ಕಣ್ಣೀರಿಟ್ಟು ಬರೆದೆನೆಂದೂ, ನೋಯಿಸಬೇಕೆಂದು ಬರೆಯದೆ ನಿಮ್ಮ ಮೇಲೆ ನನಗಿರುವ ಪ್ರೀತಿ ನಿಮಗೆ ತಿಳಿಯಲೆಂದು ಬರೆದೆನೆಂದೂ ಹೇಳಿದ್ದಾನೆ. ಕಠಿಣವಾದದ್ದನ್ನು ಬರೆಯಲೇಬೇಕಾದ ಸಂದರ್ಭಗಳಿವೆ. ಬರೆಯುವಾಗ ಬರೆಯುವವನಿಗೂ ನೋವಾಗಿತ್ತೇ ಎಂಬುದು ಮುಖ್ಯವಾದ ವ್ಯತ್ಯಾಸ. ನಮ್ಮ ಎಷ್ಟೋ ಖಂಡನೆಗಳು ಬರೆಯುವಾಗಲೇ ನಮಗೆ ಖುಷಿ ಕೊಡುತ್ತವೆ. ಆ ಖುಷಿಯನ್ನು ನಾನು ಅಪಾಯದ ಸೂಚನೆಯೆಂದೇ ಎಣಿಸುತ್ತೇನೆ.

ಅಂತರ್ಜಾಲ ಬಂದ ಮೇಲೆ ಹುಟ್ಟಿಕೊಂಡ ಸಮಸ್ಯೆಗಳಿವು ಎಂದು ಭಾವಿಸುವವರು 18ನೆಯ ಶತಮಾನದ ಇಂಗ್ಲೆಂಡಿನ ಒಂದು ಪ್ರಸಂಗವನ್ನು ತಿಳಿಯಬೇಕು. ಮೆಥಡಿಸ್ಟ್ ಪಂಥದ ಸ್ಥಾಪಕರಾದ ಜಾನ್ ವೆಸ್ಲಿ ಮತ್ತು ಹೆಸರಾಂತ ಬೋಧಕರಾದ ಜಾರ್ಜ್ ವಿಟ್‌ಫೀಲ್ಡ್ ಆಕ್ಸ್‌ಫರ್ಡಿನಲ್ಲಿ ಒಂದೇ ಪ್ರಾರ್ಥನಾ ಗುಂಪಿನಲ್ಲಿದ್ದವರು. ವೆಸ್ಲಿ ವಯಸ್ಸಿನಲ್ಲಿ ಹಿರಿಯರು. ಬಯಲಿನಲ್ಲಿ ಸಾವಿರಾರು ಜನರಿಗೆ ಬೋಧಿಸುವ ಕ್ರಮಕ್ಕೆ ಅವರನ್ನು 1739ರಲ್ಲಿ ಬ್ರಿಸ್ಟಲ್ ನಗರಕ್ಕೆ ಕರೆದು ತಂದವರು ಕಿರಿಯರಾದ ವಿಟ್‌ಫೀಲ್ಡ್. ಅದೇ ವರ್ಷ ಇಬ್ಬರ ನಡುವೆ ಬಿರುಕು ಬಿಟ್ಟಿತು. ರಕ್ಷಣೆ ಹೊಂದುವವರನ್ನು ದೇವರು ಮೊದಲೇ ಆರಿಸಿಕೊಂಡಿದ್ದಾನೆಂಬ ಬೋಧನೆಯನ್ನು ವಿಟ್‌ಫೀಲ್ಡ್ ನಂಬಿದ್ದರು. ವೆಸ್ಲಿ ಅದನ್ನು ತೀವ್ರವಾಗಿ ವಿರೋಧಿಸಿ ಉಪದೇಶ ಮಾಡಿದರು. ಅದನ್ನು ಅಚ್ಚು ಹಾಕಿಸಬೇಡಿರೆಂದು ವಿಟ್‌ಫೀಲ್ಡ್ ಬೇಡಿಕೊಂಡಿದ್ದರು. ಅವರು ಅಮೆರಿಕಕ್ಕೆ ಹಡಗು ಹತ್ತಿದ ಮೇಲೆ ಉಪದೇಶ ಅಚ್ಚಾಗಿ ಹೊರಬಂದಿತು. ವೆಸ್ಲಿಯವರ ಬಗ್ಗೆ ನನಗೆ ಬಹಳ ಗೌರವವಿದ್ದರೂ ಈ ನಡೆ ಸರಿಯಾಗಿತ್ತೆಂದು ಹೇಳಲು ನನ್ನಿಂದ ಆಗುವುದಿಲ್ಲ.

ಮುಂದೆ ನಡೆದದ್ದನ್ನು ವೆಸ್ಲಿ ತಮ್ಮ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಈ ವಿಷಯವಾಗಿ ವಿಟ್‌ಫೀಲ್ಡ್ ವೆಸ್ಲಿಯವರಿಗೆ ಬರೆದ ಒಂದು ಖಾಸಗಿ ಪತ್ರವನ್ನು ಯಾರೋ ಇಬ್ಬರ ಅಪ್ಪಣೆಯೂ ಇಲ್ಲದೆ ಅಚ್ಚು ಹಾಕಿಸಿದರು. 1741ರ ಫೆಬ್ರವರಿ 1ರಂದು ಅದರ ಪ್ರತಿಗಳನ್ನು ಲಂಡನ್ನಿನ ಫೌಂಡ್ರಿ ಎಂಬ ವೆಸ್ಲಿಯವರ ಸಭಾಮಂದಿರದ ಬಾಗಿಲಲ್ಲಿಯೂ ಒಳಗೂ ಹಂಚಲಾಯಿತು. ಯಾರೋ ಇಬ್ಬರ ಖಾಸಗಿ ಮಾತುಕತೆಯ ಸ್ಕ್ರೀನ್‌ಶಾಟನ್ನು ಸಭೆಯ ಗುಂಪಿನಲ್ಲಿ ಹಾಕುವುದಕ್ಕೂ ಇದಕ್ಕೂ ಯಾವ ವ್ಯತ್ಯಾಸವೂ ಇಲ್ಲ. ವೆಸ್ಲಿ ತಾವೂ ಒಂದು ಪ್ರತಿಯನ್ನು ತರಿಸಿಕೊಂಡರು. ಬೋಧನೆ ಮುಗಿದ ಮೇಲೆ ನಡೆದ ಸಂಗತಿಯನ್ನು ಇದ್ದದ್ದು ಇದ್ದಂತೆ ಜನರಿಗೆ ತಿಳಿಸಿ, ವಿಟ್‌ಫೀಲ್ಡ್ ಇಲ್ಲಿದ್ದಿದ್ದರೆ ಏನು ಮಾಡುತ್ತಿದ್ದರೋ ಅದನ್ನೇ ನಾನು ಮಾಡುತ್ತೇನೆ ಎಂದು ಹೇಳಿ, ಎಲ್ಲರ ಮುಂದೆ ಆ ಪತ್ರವನ್ನು ಹರಿದು ಹಾಕಿದರು. ಪ್ರತಿ ಪಡೆದಿದ್ದವರೆಲ್ಲರೂ ಹಾಗೆಯೇ ಮಾಡಿದರು. ಎರಡು ನಿಮಿಷದೊಳಗೆ ಅಲ್ಲಿ ಒಂದೂ ಇಡಿಯಾದ ಪ್ರತಿ ಉಳಿಯಲಿಲ್ಲ.

ನಾನು ಈ ಪ್ರಸಂಗವನ್ನು ಮತ್ತೆ ಮತ್ತೆ ಓದಿದ್ದೇನೆ. ಆ ಪತ್ರದಲ್ಲಿ ಇದ್ದದ್ದು ವೆಸ್ಲಿಯವರಿಗೆ ವಿರುದ್ಧವಾದ ವಾದ. ಅದನ್ನು ಅಲ್ಲಿಯೇ ಖಂಡಿಸಲು ಅವರಿಗೆ ವೇದಿಕೆಯಿತ್ತು, ಕೇಳಲು ತಮ್ಮದೇ ಜನರಿದ್ದರು, ಎದುರಾಳಿ ಸಮುದ್ರದಾಚೆ ಇದ್ದರು. ನೋಡುವವರ ಮೆಚ್ಚುಗೆ ಬೇಕಾಗಿದ್ದವರಿಗೆ ಅದಕ್ಕಿಂತ ಒಳ್ಳೆಯ ಗಳಿಗೆ ಸಿಕ್ಕುವಂತಿರಲಿಲ್ಲ. ಅವರು ಮಾತ್ರ ವಿಟ್‌ಫೀಲ್ಡ್ ಅವರ ಒಳ್ಳೆಯತನದ ಮೇಲೆ ಭಾರ ಹಾಕಿ, ಇದು ಅವರ ಕೆಲಸವಾಗಿರಲಾರದು, ಅವರಿಗೂ ಇದು ಇಷ್ಟವಾಗುತ್ತಿರಲಿಲ್ಲ ಎಂಬುದನ್ನು ತಮ್ಮ ನಡೆಯಿಂದಲೇ ಸಭೆಯ ಮುಂದೆ ತೋರಿಸಿದರು. ಭಿನ್ನಾಭಿಪ್ರಾಯ ಅಲ್ಲಿಗೆ ಮುಗಿಯಲಿಲ್ಲ. ಜಾರ್ಜಿಯಾದ ಬೆಥೆಸ್ಡಾದಲ್ಲಿ 1740ರ ಡಿಸೆಂಬರ್ 24ರಂದು ಬರೆದ ದೀರ್ಘ ಉತ್ತರವನ್ನು ವಿಟ್‌ಫೀಲ್ಡ್ 1741ರಲ್ಲಿ ತಾವೇ ಪ್ರಕಟಿಸಿದರು, ಇಬ್ಬರ ಹಿಂಬಾಲಕರೂ ಬೇರೆ ಬೇರೆಯಾದರು. ಆ ಉತ್ತರದಲ್ಲಿ, ವೆಸ್ಲಿ ಒಮ್ಮೆ ಚೀಟಿ ಹಾಕಿ ದೇವರ ಚಿತ್ತವನ್ನು ತಿಳಿಯಲು ಪ್ರಯತ್ನಿಸಿದ ಖಾಸಗಿ ಸಂಗತಿಯನ್ನೂ ವಿಟ್‌ಫೀಲ್ಡ್ ಬಯಲಿಗೆ ತಂದಿದ್ದರು. ಕೆಲವು ವರ್ಷಗಳ ನಂತರ ಅವರೇ, ಇಬ್ಬರಿಗೂ ದೇವರಿಗೂ ಮಾತ್ರ ಗೊತ್ತಿದ್ದ ವಿಷಯವನ್ನು ಲೋಕಕ್ಕೆ ತಿಳಿಸಿದ್ದು ತಪ್ಪಾಯಿತೆಂದು ಅಚ್ಚಿನಲ್ಲಿಯೇ ಒಪ್ಪಿಕೊಂಡರು. ಬಹಿರಂಗವಾಗಿ ಮಾಡಿದ ತಪ್ಪಿಗೆ ಬಹಿರಂಗವಾಗಿಯೇ ಕ್ಷಮೆ; ಈ ಅಳತೆಯನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ. ಗುಂಪಿನಲ್ಲಿ ಆರೋಪ ಮಾಡಿ, ತಪ್ಪೆಂದು ತಿಳಿದಾಗ ಖಾಸಗಿಯಾಗಿ ಒಂದು ಸಾಲು ಬರೆದು ಮುಗಿಸುತ್ತೇವೆ.

ವಿಟ್‌ಫೀಲ್ಡ್ 1770ರ ಸೆಪ್ಟೆಂಬರ್ 30ರಂದು ಅಮೆರಿಕದಲ್ಲಿ ತೀರಿಕೊಂಡರು. ಲಂಡನ್ನಿನಲ್ಲಿ ಅವರ ಸ್ಮರಣೆಯ ಉಪದೇಶವನ್ನು ನವೆಂಬರ್ 18ರಂದು ಕೊಟ್ಟವರು ವೆಸ್ಲಿ. ವಿಟ್‌ಫೀಲ್ಡ್ ಅವರ ಇಚ್ಛೆಯೂ ಅದೇ ಆಗಿತ್ತು. ಆರಿಸಿಕೊಳ್ಳುವಿಕೆಯ ವಿಷಯದಲ್ಲಿ ಇಬ್ಬರೂ ಕೊನೆಯವರೆಗೆ ಒಮ್ಮತಕ್ಕೆ ಬರಲಿಲ್ಲ. ಈ ಕಥೆ ನಮಗೆ ದೂರದ್ದಲ್ಲ. ವೆಸ್ಲಿಯವರ ಪರಂಪರೆಯ ಮಿಶನರಿಗಳು ಮೈಸೂರು ಸೀಮೆಯಲ್ಲಿ ಸಭೆಗಳನ್ನು ಕಟ್ಟಿದರು. ಅವರಿಗೆ ಎದುರು ಪಕ್ಷದ ಬೋಧನೆಯ ಕಡೆಗೆ ಒಲವಿದ್ದ ಲಂಡನ್ ಮಿಶನ್ನಿನವರು ಬಳ್ಳಾರಿಯಲ್ಲಿ ನೆಲೆನಿಂತು ಸತ್ಯವೇದವನ್ನು ಕನ್ನಡಕ್ಕೆ ತರುವ ಕೆಲಸ ಮಾಡಿದರು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ (ಸಿಎಸ್‌ಐ) ರೂಪುಗೊಂಡಾಗ ಆ ಎರಡೂ ಕಡೆಯ ಮಕ್ಕಳು ಆಂಗ್ಲಿಕನರೊಂದಿಗೆ ಒಂದೇ ಸಭೆಯಾದರು. ಇಂದು ಸಿಎಸ್‌ಐ ಸಭೆಯೊಂದರ ಬೆಂಚಿನಲ್ಲಿ ಅಕ್ಕಪಕ್ಕ ಕುಳಿತು ಒಂದೇ ಪಾತ್ರೆಯಿಂದ ಪಾಲು ತೆಗೆದುಕೊಳ್ಳುವವರ ಹಿಂದೆ, ಒಂದು ಕಾಲದಲ್ಲಿ ಕರಪತ್ರಗಳಲ್ಲಿ ಪರಸ್ಪರ ಖಂಡಿಸಿಕೊಂಡ ಎರಡು ಪರಂಪರೆಗಳಿವೆ.

ಉದ್ದೇಶದ ಮಾತಿಗೆ ಮರಳುತ್ತೇನೆ. ಫಿಲಿಪ್ಪಿಯವರಿಗೆ ಬರೆಯುವಾಗ ಪೌಲನು ಸೆರೆಯಲ್ಲಿದ್ದ. ತನ್ನ ಸಂಕಟವನ್ನು ಹೆಚ್ಚಿಸಬೇಕೆಂಬ ಹೊಟ್ಟೆಕಿಚ್ಚಿನಿಂದಲೇ ಕೆಲವರು ಕ್ರಿಸ್ತನನ್ನು ಸಾರುತ್ತಿದ್ದಾರೆಂದು ಅವನಿಗೆ ತಿಳಿದಿತ್ತು. ಆದರೂ ಕಪಟದಿಂದಾಗಲಿ ಸತ್ಯದಿಂದಾಗಲಿ ಕ್ರಿಸ್ತನು ಸಾರಲ್ಪಡುತ್ತಾನಲ್ಲ, ಅದಕ್ಕೆ ಸಂತೋಷಪಡುತ್ತೇನೆ ಎಂದ. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ, ಕರ್ತನು ಬರುವ ತನಕ ತೀರ್ಪು ಮಾಡಬೇಡಿರಿ, ಹೃದಯಗಳ ಆಲೋಚನೆಗಳನ್ನು ಆತನೇ ಬೆಳಕಿಗೆ ತರುವನು ಎಂದು ಎಚ್ಚರಿಸಿದ. ಅಂದರೆ ತನ್ನ ಉದ್ದೇಶವನ್ನು ಶೋಧಿಸುವುದು ಪ್ರತಿಯೊಬ್ಬನ ಕರ್ತವ್ಯ. ಇತರರ ಉದ್ದೇಶವನ್ನು ತೀರ್ಮಾನಿಸುವುದು ದೇವರ ಕೆಲಸ. ನಮ್ಮ ಚರ್ಚೆಗಳಲ್ಲಿ ಇದು ತಲೆಕೆಳಗಾಗಿದೆ. ಹೆಸರಿಗಾಗಿ ಬರೆಯುತ್ತಿದ್ದಾರೆ, ವಿದೇಶದ ಹಣ ಬರುತ್ತಿದೆ, ಹೊಸ ಸಭೆ ಕಟ್ಟಿಕೊಳ್ಳಲು ಜನರನ್ನು ಸೆಳೆಯುತ್ತಿದ್ದಾರೆ ಎಂದು ಮೂರನೆಯ ಸಂದೇಶದ ಹೊತ್ತಿಗೇ ಎದುರಿನವರ ಹೃದಯದ ತಪಾಸಣೆ ಮುಗಿದಿರುತ್ತದೆ. ಅವರು ಹೇಳಿದ್ದು ಸರಿಯೇ ತಪ್ಪೇ ಎಂಬುದು ಅಷ್ಟು ಹೊತ್ತಿಗೆ ಯಾರಿಗೂ ಬೇಡವಾಗಿರುತ್ತದೆ.

ವಾದಕ್ಕಿಳಿಯಲು ಸಿದ್ಧರಾಗಿದ್ದ ಒಬ್ಬ ಬೋಧಕರಿಗೆ ಜಾನ್ ನ್ಯೂಟನ್ ಬರೆದ ಪತ್ರವೊಂದಿದೆ. ಗುಲಾಮರನ್ನು ಸಾಗಿಸುವ ಹಡಗಿನ ಕ್ಯಾಪ್ಟನ್ ಆಗಿದ್ದು, ಅನಂತರ ಓಲ್ನಿ ಎಂಬ ಊರಿನಲ್ಲಿ ಸಭಾಪಾಲಕರಾಗಿ 'ಅಮೇಜಿಂಗ್ ಗ್ರೇಸ್' ಗೀತೆಯನ್ನು ಬರೆದವರು ಇವರೇ. ಎದುರಾಳಿಯ ವಿರುದ್ಧ ಲೇಖನಿ ಹಿಡಿಯುವ ಮುಂಚೆಯೂ, ಉತ್ತರ ಸಿದ್ಧಪಡಿಸುವ ಕಾಲದುದ್ದಕ್ಕೂ ಅವನನ್ನು ದೇವರ ಬೋಧನೆಗೂ ಆಶೀರ್ವಾದಕ್ಕೂ ಒಪ್ಪಿಸಿ ಪ್ರಾರ್ಥಿಸಬೇಕೆಂದು ನ್ಯೂಟನ್ ಅದರಲ್ಲಿ ಕೇಳಿಕೊಳ್ಳುತ್ತಾರೆ. ಅವನು ವಿಶ್ವಾಸಿಯಾಗಿದ್ದರೆ ಪರಲೋಕದಲ್ಲಿ ನಿಮಗೆ ಬಹಳ ಪ್ರಿಯನಾಗಿರುವವನು. ಅಲ್ಲದಿದ್ದರೆ ಕೋಪಕ್ಕಿಂತ ಕನಿಕರಕ್ಕೆ ಯೋಗ್ಯನು ಎನ್ನುತ್ತಾರೆ. ವಾದದಲ್ಲಿ ಗೆದ್ದು, ಗೆಲ್ಲುವ ಭರದಲ್ಲಿ ದೀನ ಮನಸ್ಸನ್ನು ಕಳೆದುಕೊಂಡರೆ ಆ ಗೆಲುವಿನಿಂದ ಏನು ಲಾಭ ಎಂದೂ ಕೇಳುತ್ತಾರೆ. ಸಂದೇಶದ ಕೊನೆಯಲ್ಲಿ "ನಿಮಗಾಗಿ ಪ್ರಾರ್ಥಿಸುತ್ತೇನೆ" ಎಂದು ಬರೆಯುವುದಕ್ಕೂ, ಬರೆಯುವ ಮುಂಚೆ ನಿಜವಾಗಿ ಅವರ ಹೆಸರು ಹೇಳಿ ಮೊಣಕಾಲೂರುವುದಕ್ಕೂ ಎಷ್ಟು ಅಂತರವಿದೆ ಎಂಬುದು ಮಾಡಿ ನೋಡಿದವರಿಗೆ ಗೊತ್ತು. ಪ್ರಾರ್ಥಿಸಿದ ಮೇಲೆಯೂ ಅದೇ ಆಕ್ಷೇಪವನ್ನು ಬರೆಯಬೇಕಾಗಬಹುದು. ಅದರಲ್ಲಿ ಒಂದೆರಡು ವಾಕ್ಯಗಳು ಮಾತ್ರ ಕೈಯಿಂದ ಬರುವುದೇ ಇಲ್ಲ.

ಯೇಸು ಸ್ವಾಮಿಯೂ ಕಟುವಾಗಿ ಮಾತಾಡಲಿಲ್ಲವೇ, ಫರಿಸಾಯರನ್ನು ಸುಣ್ಣ ಹಚ್ಚಿದ ಸಮಾಧಿಗಳೆಂದು ಕರೆಯಲಿಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು, ಅದನ್ನು ತಳ್ಳಿಹಾಕಬಾರದು. ಮತ್ತಾಯನ ಸುವಾರ್ತೆಯ 23ನೆಯ ಅಧ್ಯಾಯವನ್ನು ಪೂರ್ತಿ ಓದಿದರೆ ಎರಡು ಸಂಗತಿಗಳು ಕಾಣುತ್ತವೆ. ಆ ಮಾತುಗಳು ಹೊರಲಾಗದ ಹೊರೆಗಳನ್ನು ಕಟ್ಟಿ ಜನರ ಹೆಗಲ ಮೇಲೆ ಹೇರಿದ, ಧರ್ಮದ ಅಧಿಕಾರ ಕೈಯಲ್ಲಿದ್ದವರನ್ನು ಕುರಿತವು; ಬಾವಿಯ ಬಳಿಯ ಸಮಾರ್ಯದ ಹೆಂಗಸಿಗೂ ಜಕ್ಕಾಯನಿಗೂ ಆತನು ಹಾಗೆ ಮಾತಾಡಲಿಲ್ಲ. ಅದೇ ಅಧ್ಯಾಯ ಯೆರೂಸಲೇಮಿಗಾಗಿ ಆತನು ಮರುಗುವ ಮಾತಿನಿಂದ ಕೊನೆಗೊಳ್ಳುತ್ತದೆ. ಇನ್ನು, ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರೊಂದಿಗೆ ಊಟ ಮಾಡುವುದನ್ನು ಬಿಟ್ಟಾಗ ಪೌಲನು ಎಲ್ಲರ ಮುಂದೆಯೇ ಅವನನ್ನು ಎದುರಿಸಿದನೆಂದು ಗಲಾತ್ಯದವರಿಗೆ ಬರೆದ ಪತ್ರದಲ್ಲಿದೆ. ಪೇತ್ರನ ನಡೆ ಎಲ್ಲರ ಕಣ್ಣೆದುರಿನದು, ಬಾರ್ನಬನೂ ಅದರಿಂದ ತಪ್ಪುದಾರಿಗೆ ಹೋಗಿದ್ದ. ಗುಟ್ಟಿನಲ್ಲಿ ಹೇಳಿದ್ದರೆ ನೊಂದ ಅನ್ಯಜನರಿಗೆ ನ್ಯಾಯ ಸಿಗುತ್ತಿರಲಿಲ್ಲ. ನಿನ್ನ ಸಹೋದರನು ತಪ್ಪು ಮಾಡಿದರೆ ನೀನೂ ಅವನೂ ಇಬ್ಬರೇ ಇರುವಾಗ ತಿಳಿಸು ಎಂಬ ಯೇಸುವಿನ ಆಜ್ಞೆ ವ್ಯಕ್ತಿಗಳ ನಡುವಿನ ತಪ್ಪುಗಳಿಗೆ ಮೊದಲು ಅನ್ವಯಿಸುತ್ತದೆ. ಯೂಟ್ಯೂಬಿನಲ್ಲಿ ಲಕ್ಷ ಜನರಿಗೆ ಬೋಧಿಸಿದ್ದನ್ನು ಬಹಿರಂಗವಾಗಿ ವಿಮರ್ಶಿಸುವುದು ತಪ್ಪಲ್ಲ. ಎಣ್ಣೆಯ ಬಾಟಲಿಗೆ ಬೆಲೆ ಕಟ್ಟಿ ರೋಗಿಗಳಿಗೆ ಮಾರುವವರನ್ನು ಹೆಸರಿಸುವುದು ಕೆಲವೊಮ್ಮೆ ಬಡವರ ಮೇಲಿನ ಪ್ರೀತಿಯ ಕೆಲಸವೇ ಆಗಿರುತ್ತದೆ.

ಪೌಲ ಮತ್ತು ಪೇತ್ರರ ಈ ಜಗಳವೇ ಮೂರು ಶತಮಾನಗಳಿಗೂ ಹೆಚ್ಚು ಕಾಲದ ನಂತರ ಇನ್ನಿಬ್ಬರ ಜಗಳಕ್ಕೆ ಕಾರಣವಾಯಿತು. ಅದು ನಿಜವಾದ ಜಗಳವಲ್ಲ, ಜನರಿಗೆ ಪಾಠವಾಗಲೆಂದು ಇಬ್ಬರೂ ಹಾಗೆ ನಟಿಸಿದರು ಎಂದು ಬೆತ್ಲೆಹೇಮಿನಲ್ಲಿದ್ದ ಸತ್ಯವೇದ ಪಂಡಿತ ಜೆರೋಮ್ ವ್ಯಾಖ್ಯಾನ ಬರೆದಿದ್ದರು. ಉತ್ತರ ಆಫ್ರಿಕದ ಹಿಪ್ಪೊ ಎಂಬ ಊರಿನಲ್ಲಿದ್ದ ಸಭಾನಾಯಕ ಅಗಸ್ಟೀನ್ ಅದನ್ನು ಆಕ್ಷೇಪಿಸಿ ಪತ್ರ ಬರೆದರು. ಒಯ್ಯಬೇಕಾದವರು ಹೋಗಲಿಲ್ಲ, ಪ್ರತಿಗಳು ಮಾತ್ರ ರೋಮಿನಲ್ಲಿ ಹರಡಿ, ಅಗಸ್ಟೀನ್ ನಿಮ್ಮ ವಿರುದ್ಧ ಪುಸ್ತಕ ಬರೆದಿದ್ದಾರಂತೆ ಎಂಬ ಸುದ್ದಿಯಾಗಿ ಜೆರೋಮರನ್ನು ತಲುಪಿದವು. ಯಾರಿಗೆ ಬರೆದದ್ದೋ ಅವರೊಬ್ಬರನ್ನು ಬಿಟ್ಟು ಉಳಿದವರೆಲ್ಲ ಅದನ್ನು ಓದಿದ್ದರು. ಜೆರೋಮರ ಕೋಪ ಸುಲಭಕ್ಕೆ ಇಳಿಯಲಿಲ್ಲ. ಅಗಸ್ಟೀನ್ ತಮ್ಮ ವಾದವನ್ನು ಬಿಟ್ಟುಕೊಡದೆಯೇ, ನೋವಾಗಿದ್ದರೆ ಕ್ರಿಸ್ತನ ಹೆಸರಿನಲ್ಲಿ ಕ್ಷಮಿಸಬೇಕೆಂದು ಬೇಡಿಕೊಂಡರು, ಬಿಷಪ್ ಆಗಿದ್ದರೂ ತಾನು ಅನೇಕ ವಿಷಯಗಳಲ್ಲಿ ಜೆರೋಮರಿಗಿಂತ ಕಡಿಮೆಯವನೆಂದು ಬರೆದರು. ಇಬ್ಬರೂ ಜೀವಮಾನದಲ್ಲಿ ಒಮ್ಮೆಯೂ ಭೇಟಿಯಾಗಲಿಲ್ಲ. ಆದರೂ ಜೆರೋಮ್ ತಮ್ಮ ಕೊನೆಯ ವರ್ಷಗಳಲ್ಲಿ ಅಗಸ್ಟೀನರನ್ನು ಮನಸಾರೆ ಹೊಗಳಿ ಬರೆದಿದ್ದಾರೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಕೃಪೆಯ ಮಾತು ಎಂಬುದನ್ನು ಬಾಯಿ ಮುಚ್ಚಿಸುವ ಉಪಾಯವಾಗಿ ಬಳಸುವುದು ನಮ್ಮ ಸಭೆಗಳಲ್ಲಿ ಅಪರೂಪವಲ್ಲ. ಸಭೆಯ ಜಮೀನಿನ ಬಗ್ಗೆ, ಕಾಣಿಕೆಯ ಲೆಕ್ಕದ ಬಗ್ಗೆ, ಹೆಣ್ಣುಮಕ್ಕಳಿಗೆ ಆದ ಅನ್ಯಾಯದ ಬಗ್ಗೆ ಯಾರಾದರೂ ಪ್ರಶ್ನೆ ಕೇಳಿದಾಗ, ಸಭೆಯ ಹೆಸರು ಕೆಡಿಸಬೇಡಿರಿ, ಪ್ರೀತಿಯಿಂದಿರಿ ಎಂಬ ವಾಕ್ಯಗಳು ಸಾಲಾಗಿ ಬರುತ್ತವೆ. ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸಿದಾಗ ಯಾರೂ ತಪ್ಪು ಹೊರಿಸದಂತೆ ಪೌಲನು ಇತರ ಸಹೋದರರನ್ನು ಜೊತೆಗಿಟ್ಟುಕೊಂಡ; ಕರ್ತನ ಮುಂದೆ ಮಾತ್ರವಲ್ಲದೆ ಮನುಷ್ಯರ ಮುಂದೆಯೂ ಯೋಗ್ಯವಾದದ್ದನ್ನು ಮಾಡಲು ಎಚ್ಚರ ವಹಿಸುತ್ತೇವೆಂದು ಬರೆದ. ಲೆಕ್ಕ ಕೇಳುವವರ ಧ್ವನಿ ಏರಿದ್ದರೆ ಅದನ್ನು ಸಹಿಸಿಕೊಂಡು ಲೆಕ್ಕ ತೋರಿಸುವುದೇ ಹಿರಿಯರಿಂದ ಆಗಬೇಕಾದ ಕೃಪೆ. ನೊಂದವರ ಮಾತಿಗೆ ಮೊದಲು ವ್ಯಾಕರಣ ಕಲಿಸುವವರನ್ನು ಕಂಡರೆ ನನಗೆ ದುಃಖವಾಗುತ್ತದೆ.

ಸದುದ್ದೇಶವೊಂದಿದ್ದರೆ ಸಾಕೆಂಬ ನಂಬಿಕೆಯೂ ಅಷ್ಟೇ ಅಪಾಯಕಾರಿ. ಅಫ್ಘಾನಿಸ್ತಾನದಲ್ಲಿ 22 ಮಂದಿ ಮಿಶನರಿಗಳನ್ನು ನಾಳೆ ಕೊಲ್ಲಲಿದ್ದಾರೆ, ತಕ್ಷಣ ಪ್ರಾರ್ಥಿಸಿ, ಎಲ್ಲರಿಗೂ ಕಳುಹಿಸಿ ಎಂಬ ಸಂದೇಶ ಹಲವು ವರ್ಷಗಳಿಂದ ಲೋಕವನ್ನು ಸುತ್ತುತ್ತಿದೆ. 2007ರಲ್ಲಿ ದಕ್ಷಿಣ ಕೊರಿಯದ 23 ಕ್ರೈಸ್ತರನ್ನು ತಾಲಿಬಾನಿಗಳು ಸೆರೆಹಿಡಿದು ಇಬ್ಬರನ್ನು ಕೊಂದದ್ದು, ಉಳಿದವರು ಬಿಡುಗಡೆಯಾದದ್ದು ನಿಜ. ಪ್ರತಿ ಬಾರಿಯೂ ನಾಳೆಯೇ ಎಂದು ಹೇಳುವ ಈ ಸಂದೇಶ ಸುಳ್ಳು. ಕಳುಹಿಸುವವರ ಮನಸ್ಸಿನಲ್ಲಿ ಕೇಡಿಲ್ಲ, ಪ್ರಾರ್ಥನೆಯೇ ಇದೆ. ಆದರೆ ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಗೆ ಒಳ್ಳೆಯ ಮನಸ್ಸಿನವರಿಗೆಂದು ವಿನಾಯಿತಿ ಕೊಟ್ಟಿಲ್ಲ. 2018ರ ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿಯನ್ನು ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದಿತು. ಆ ವದಂತಿಯನ್ನು ಮುಂದಕ್ಕೆ ಕಳುಹಿಸಿದವರಲ್ಲಿ ಅನೇಕರು ತಾವು ಮಕ್ಕಳನ್ನು ಕಾಪಾಡುತ್ತಿದ್ದೇವೆಂದೇ ತಿಳಿದಿದ್ದಿರಬೇಕು. ಅಂಥ ಕೊಲೆಗಳು ನಡೆದ ಆ ವರ್ಷವೇ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡುವಂತೆ ಮಿತಿಗೊಳಿಸಿತು. ಯಂತ್ರ ಹಾಕಿದ ಆ ಮಿತಿಗಿಂತ ಮುಂಚೆಯೇ, ನಿಜವೆಂದು ಗೊತ್ತಿಲ್ಲದ್ದನ್ನು ಒಬ್ಬರಿಗೂ ಕಳುಹಿಸಬಾರದೆಂಬ ಮಿತಿ ದೇವರ ಜನರಿಗೆ ಇತ್ತು.

ನಮ್ಮ ವಿಶ್ವಾಸವನ್ನು ಒಪ್ಪದವರೊಂದಿಗಿನ ಮಾತು ಇನ್ನೂ ಕಷ್ಟದ್ದು. ಕರ್ನಾಟಕದ ಕ್ರೈಸ್ತರ ಬಗ್ಗೆ ಯಾವ ಸುದ್ದಿ ಬಂದರೂ ಅದರ ಕೆಳಗೆ ಅಕ್ಕಿಗಾಗಿ ಮತಾಂತರವಾದವರು ಎಂಬ ಮಾತು ಕಾಣಿಸದೆ ಇರುವುದಿಲ್ಲ. ಅದನ್ನು ಓದುವಾಗ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ; ತಲೆಮಾರುಗಳಿಂದ ವಿಶ್ವಾಸದಲ್ಲಿ ಬದುಕಿ ಸತ್ತ ಅಜ್ಜ ಅಜ್ಜಿಯರಿಗೆ ಆಗುವ ಅವಮಾನ ಅದು. ನಿಮ್ಮ ನಿರೀಕ್ಷೆಗೆ ಆಧಾರವೇನೆಂದು ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಸೌಮ್ಯತೆಯಿಂದಲೂ ಗೌರವದಿಂದಲೂ ಕೊಡಿರಿ ಎಂದು ಪೇತ್ರನು ಬರೆದದ್ದು ಇಂಥ ನಿಂದೆಗೆ ಗುರಿಯಾಗಿದ್ದ ಜನರಿಗೇ. ಅವನು ಉತ್ತರ ಕೊಡಬೇಡಿ ಎನ್ನಲಿಲ್ಲ. ಪ್ರತಿಯಾಗಿ ಅವರ ದೇವರುಗಳನ್ನು ಹಳಿಯಿರಿ ಎಂದೂ ಹೇಳಲಿಲ್ಲ. ಈ ವಿಷಯದಲ್ಲಿ ನಮ್ಮ ಪರಂಪರೆಯ ಕೈ ಪೂರ್ತಿ ಶುದ್ಧವಾಗಿಲ್ಲವೆಂಬುದನ್ನು ಒಪ್ಪಬೇಕು. 19ನೆಯ ಶತಮಾನದ ಮಿಶನ್ ಕರಪತ್ರಗಳಲ್ಲಿ ಇತರರ ದೇವರುಗಳನ್ನು ಕುರಿತ ಕಟು ಮಾತುಗಳಿಗೆ ಕೊರತೆಯಿರಲಿಲ್ಲ. ಅದೇ ಕಾಲದಲ್ಲಿ 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆಯನ್ನು ಆರಂಭಿಸಿದ ಮಿಶನರಿ ಹರ್ಮನ್ ಮೊಗ್ಲಿಂಗ್, ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ತಾನು ಒಪ್ಪದ ವಿಶ್ವಾಸದ ಗ್ರಂಥಗಳನ್ನು ಓದಿ, ಅವುಗಳಲ್ಲಿರುವುದನ್ನು ಇದ್ದಂತೆಯೇ ಮುಂದಿನವರ ಕೈಗೆ ದಾಟಿಸಿದ ಆ ಶ್ರಮ ನನಗೆ ಆ ಕಾಲದ ಯಾವ ಖಂಡನೆಗಿಂತಲೂ ದೊಡ್ಡ ಸಾಕ್ಷಿಯಾಗಿ ಕಾಣುತ್ತದೆ. ಎದುರಿನವರ ನಂಬಿಕೆಯನ್ನು, ಹೌದು, ನಾವು ನಂಬುವುದು ಇದನ್ನೇ ಎಂದು ಅವರೇ ತಲೆಯಾಡಿಸುವಂತೆ ಹೇಳಲು ಬಾರದವರು ಅದಕ್ಕೆ ಉತ್ತರ ಬರೆಯಲು ಇನ್ನೂ ಸಿದ್ಧರಾಗಿಲ್ಲ.

ಕೆಲವು ಪ್ರಶ್ನೆಗಳಿಗೆ ಉತ್ತರವೇ ಬೇಡ. ಜ್ಞಾನೋಕ್ತಿಗಳ 26ನೆಯ ಅಧ್ಯಾಯದಲ್ಲಿ, ಮೂಢನಿಗೆ ಅವನ ಮೂರ್ಖತನಕ್ಕೆ ತಕ್ಕಂತೆ ಉತ್ತರ ಕೊಡಬೇಡ ಎಂಬ ಮಾತೂ, ಕೊಡು ಎಂಬ ಮಾತೂ ಒಂದರ ಕೆಳಗೆ ಒಂದು ನಿಂತಿವೆ. ಯಾವುದನ್ನು ಯಾವಾಗ ಪಾಲಿಸಬೇಕೆಂದು ಅಲ್ಲಿ ಹೇಳಿಲ್ಲ. ಶಿಲುಬೆಗೆ ಮುಂಚಿನ ವಿಚಾರಣೆಯಲ್ಲಿ ಹೆರೋದನು ಬಹಳ ಪ್ರಶ್ನೆಗಳನ್ನು ಕೇಳಿದರೂ ಯೇಸು ಒಂದಕ್ಕೂ ಉತ್ತರ ಕೊಡಲಿಲ್ಲ. ಹೆರೋದನಿಗೆ ಬೇಕಾಗಿದ್ದದ್ದು ಏನಾದರೂ ಅದ್ಭುತವನ್ನು ನೋಡುವುದು. ರೋಮಿನ ಅಧಿಪತಿ ಪಿಲಾತನ ಕೆಲವು ಪ್ರಶ್ನೆಗಳಿಗೆ ಆತನು ಉತ್ತರ ಕೊಟ್ಟನು. ನೋಟಕ್ಕಾಗಿ ಕೇಳುವವರಿಗೂ ತಿಳಿಯಲು ಕೇಳುವವರಿಗೂ ಇರುವ ಈ ವ್ಯತ್ಯಾಸವನ್ನು ಪರದೆಯ ಮೇಲಿನ ಅಕ್ಷರಗಳಿಂದ ಗುರುತಿಸುವುದು ಸುಲಭವಲ್ಲ. ಸಂದೇಹವಿರುವಾಗ ನನಗೆ ಸರಿಯೆನಿಸುವುದು ಆ ವ್ಯಕ್ತಿಗೆ ಖಾಸಗಿಯಾಗಿ ಬರೆದು, ಬಿಡುವಿದ್ದರೆ ಫೋನಿನಲ್ಲಿ ಮಾತಾಡೋಣವೇ ಎಂದು ಕೇಳುವುದು. ತಿಳಿಯಬೇಕೆಂದಿರುವವರು ಒಪ್ಪುತ್ತಾರೆ. ನೋಟ ಬೇಕಾದವರಿಗೆ ನೋಡುವವರಿಲ್ಲದ ಮಾತಿನಲ್ಲಿ ಆಸಕ್ತಿ ಇರುವುದಿಲ್ಲ, ಅವರು ಸಾಮಾನ್ಯವಾಗಿ ಉತ್ತರಿಸುವುದಿಲ್ಲ.

ಸಭೆಗಳ ಗುಂಪುಗಳನ್ನು ನಡೆಸುವ ಅಡ್ಮಿನ್‌ಗಳಿಗೆ, ಅವರಲ್ಲಿ ಬಹುಪಾಲು ಯುವಕ ಯುವತಿಯರೇ ಇರುವುದರಿಂದ, ಹಿರಿಯರ ಬೆಂಬಲ ಬೇಕು. ಯಾರ ಸಂದೇಶವನ್ನಾದರೂ ಎಲ್ಲರ ಫೋನಿನಿಂದಲೂ ಅಳಿಸುವ ಅವಕಾಶವನ್ನು ವಾಟ್ಸಾಪ್ ಅವರಿಗೆ ಕೊಟ್ಟಿದೆ, ಆದರೆ ದೊಡ್ಡವರೊಬ್ಬರು ಹಾಕಿದ ಸ್ಕ್ರೀನ್‌ಶಾಟನ್ನು ಅಳಿಸಲು ಇಪ್ಪತ್ತರ ಹರೆಯದವರಿಗೆ ಧೈರ್ಯ ಸಾಲುವುದಿಲ್ಲ. ಇಬ್ಬರ ಖಾಸಗಿ ಮಾತುಕತೆ ಗುಂಪಿಗೆ ಬಂದರೆ, ಅದರಲ್ಲಿ ಯಾರದು ಸರಿ ಎಂಬ ಚರ್ಚೆಗೆ ಮುಂಚೆಯೇ ಅದನ್ನು ತೆಗೆಯಲಾಗುವುದೆಂದು ಸಭಾಪಾಲಕರೂ ಸಮಿತಿಯವರೂ ಮೊದಲೇ ಎಲ್ಲರಿಗೂ ತಿಳಿಸಿರಬೇಕು. ಅಳಿಸಿದ ಮೇಲೆ ಇಬ್ಬರ ಮನೆಗೂ ಯಾರಾದರೂ ಹೋಗಿ ಬರಬೇಕು. ಈ ಎರಡನೆಯ ಕೆಲಸಕ್ಕೆ ಸಮಯ ಬೇಕಾಗುತ್ತದೆ. ಪ್ರತಿ ಸಭೆಯಲ್ಲಿಯೂ ಅದಕ್ಕೆ ಒಗ್ಗುವ ಒಬ್ಬಿಬ್ಬರು ಇರುತ್ತಾರೆ, ಹೆಚ್ಚಾಗಿ ಗುಂಪಿನಲ್ಲಿ ಏನನ್ನೂ ಬರೆಯದವರು.